ಮರಳುಗಾಡಿನಲ್ಲಿ ಒಂದು ರಾತ್ರಿ: ಯಾವ ಮರುಭೂಮಿ, ಯಾವ ಶಿಬಿರ, ಯಾವ ತಂಡ?

ಮರುಭೂಮಿಯಲ್ಲಿ ಒಂದು ರಾತ್ರಿ ತಂಗುವ ಪ್ರವಾಸಗಳ ಜಾಹೀರಾತುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಅವೆಲ್ಲವೂ ಒಂದೇ ಪ್ರವಾಸವನ್ನು ಮಾರುತ್ತಿವೆಯೇನೋ ಎನಿಸುತ್ತದೆ. ಇಳಿಬಿಸಿಲಿನಲ್ಲಿ ಸಾಲಾಗಿ ಸಾಗುವ ಒಂಟೆಗಳು, ದಿಬ್ಬದ ನೆತ್ತಿಯಲ್ಲಿ ಒಬ್ಬನೇ ನಿಂತ ಮನುಷ್ಯ, ಡೇರೆಯ ಮುಂದೆ ಉರಿಯುವ ಬೆಂಕಿ, ಮೇಲೆ ತುಂಬಿದ ನಕ್ಷತ್ರಗಳು ಎಲ್ಲ ಚಿತ್ರಗಳಲ್ಲೂ ಇರುತ್ತವೆ. ಆದರೆ ಹಣ ಕೊಟ್ಟು ಹೋದವರಿಗೆ ಸಿಗುವ ರಾತ್ರಿಗಳು ಒಂದರಂತೆ ಒಂದಿರುವುದಿಲ್ಲ. ಇವುಗಳನ್ನು ಹೋಲಿಸುವುದಕ್ಕೆ ಎರಡು ಅಳತೆಗಳು ಸಾಕೆಂದು ನಾನು ನಂಬಿದ್ದೇನೆ: ಒಟ್ಟು ಪ್ರವಾಸದ ಅವಧಿಯಲ್ಲಿ ಎಷ್ಟು ಗಂಟೆ ನಿಜವಾಗಿ ಮರಳಿನ ಮೇಲೆ ಕಳೆಯುತ್ತೇವೆ ಎಂಬುದು ಒಂದು, ಆ ಗಂಟೆಗಳನ್ನು ಎಷ್ಟು ಜನರೊಡನೆ ಹಂಚಿಕೊಳ್ಳಬೇಕಾಗುತ್ತದೆ ಎಂಬುದು ಇನ್ನೊಂದು. ಹಾಸಿಗೆಯ ಮೆತ್ತನೆ, ಊಟದ ಬಗೆ, ಸ್ನಾನಗೃಹದ ಅಂದ ಇವೆಲ್ಲ ಆಮೇಲಿನ ಮಾತು.

ದೂರದ ಲೆಕ್ಕ

ಮೊದಲ ಅಳತೆಯನ್ನು ಅನ್ವಯಿಸಲು ಮೊರಾಕ್ಕೊ ಒಳ್ಳೆಯ ಉದಾಹರಣೆ, ಏಕೆಂದರೆ ಅಲ್ಲಿ ಒಂದೇ ನಗರದಿಂದ ಹೊರಡುವ ಮೂರು ಬಗೆಯ ಪ್ರವಾಸಗಳು ‘ಸಹಾರಾದಲ್ಲಿ ರಾತ್ರಿ’ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಮರಾಕೇಶ್‌ನಿಂದ ಎರಡು ಹಗಲು, ಒಂದು ರಾತ್ರಿಯ ಪ್ರವಾಸವೆಂದು ಇದ್ದರೆ ಅದು ಬಹುಪಾಲು ಜಾಗೊರಾ ಕಡೆಯದು. ಹೋಗುವಾಗ ಸುಮಾರು 350 ಕಿ.ಮೀ., ಬರುವಾಗ ಅಷ್ಟೇ. 2,260 ಮೀಟರ್ ಎತ್ತರದ ಟಿಜಿ ಎನ್ ಟಿಚ್ಕಾ ಕಣಿವೆದಾರಿಯನ್ನು ಎರಡು ಬಾರಿ ದಾಟಬೇಕು. ಅಷ್ಟು ದೂರ ಸಾಗಿ ತಲುಪುವ ಜಾಗದಲ್ಲಿ ಇರುವುದು ಹೆಚ್ಚಾಗಿ ಕಲ್ಲುನೆಲ ಮತ್ತು ಅಲ್ಲಲ್ಲಿ ಚಿಕ್ಕ ಮರಳದಿಬ್ಬಗಳು. ಜಾಹೀರಾತಿನಲ್ಲಿ ಕಂಡ ಮರಳಿನ ಕಡಲು ಅಲ್ಲಿಲ್ಲ. ಅದು ಇರುವುದು ಮೆರ್ಜೂಗಾ ಊರಿನ ಅಂಚಿನ ಎರ್ಗ್ ಶೆಬ್ಬಿಯಲ್ಲಿ. ಅಲ್ಲಿನ ದಿಬ್ಬಗಳು ಕೆಲವೆಡೆ 150 ಮೀಟರ್‌ಗಳವರೆಗೆ ಏರುತ್ತವೆ. ಆದರೆ ಮರಾಕೇಶ್‌ನಿಂದ ಅಲ್ಲಿಗೆ 550 ಕಿ.ಮೀ.ಗೂ ಹೆಚ್ಚು ದೂರ, ಒಂಬತ್ತು ಹತ್ತು ಗಂಟೆಗಳ ರಸ್ತೆ ಇರುವುದರಿಂದ ಇದನ್ನು ಮೂರು ಹಗಲಿನ ಪ್ರವಾಸವಾಗಿಯೇ ಮಾಡಬೇಕು. ಇದನ್ನೂ ಎರಡೇ ಹಗಲಿನಲ್ಲಿ ಮುಗಿಸಿಕೊಡುವುದಾಗಿ ಹೇಳುವವರಿದ್ದಾರೆ. ಅಂಥ ಪ್ರವಾಸದಲ್ಲಿ ಕತ್ತಲಾದ ಮೇಲೆ ಶಿಬಿರ ಸೇರಿ ಬೆಳಕು ಹರಿಯುತ್ತಲೇ ಹೊರಡಬೇಕಾಗುತ್ತದೆ.

ಮೆರ್ಜೂಗಾಗೆ ಹೋಗುವವರು ಹೋದ ದಾರಿಯಲ್ಲೇ ಹಿಂದಿರುಗುವುದಕ್ಕಿಂತ ಉತ್ತರಕ್ಕೆ ಫೆಸ್ ನಗರದಲ್ಲಿ ಮುಗಿಯುವ ಪ್ರವಾಸವನ್ನು ಹುಡುಕುವುದು ಜಾಣತನ. ದಾರಿಯ ಗಂಟೆಗಳು ಕಡಿಮೆಯಾಗುವುದಿಲ್ಲವಾದರೂ ಅವು ಪ್ರವಾಸದ ಭಾಗವಾಗುತ್ತವೆ, ಕಂಡದ್ದನ್ನೇ ಮತ್ತೆ ಕಾಣುವ ಬೇಸರ ತಪ್ಪುತ್ತದೆ. ಮೂರನೆಯ ಆಯ್ಕೆ ಎರ್ಗ್ ಶಿಗಾಗಾ. ಡಾಂಬರು ರಸ್ತೆ ಕೊನೆಯಾಗುವ ಮ್ಹಮಿದ್ ಊರಿನಿಂದ ಮುಂದೆ 50ರಿಂದ 60 ಕಿ.ಮೀ. ದೂರವನ್ನು ನಾಲ್ಕೂ ಚಕ್ರಗಳಿಗೆ ಬಲವಿರುವ ಜೀಪಿನಲ್ಲೇ ಸಾಗಬೇಕು, ಒಂಟೆಯ ಮೇಲಾದರೆ ಹಲವು ದಿನಗಳು ಬೇಕು. ಈ ಕಷ್ಟವೇ ಆ ಜಾಗವನ್ನು ಕಾಪಾಡಿದೆ. ಮೆರ್ಜೂಗಾದಲ್ಲಿ ಊರು, ಹೋಟೆಲುಗಳು, ದಿಬ್ಬಗಳು ಮೂರೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ದಿಬ್ಬದ ನೆತ್ತಿಯಿಂದ ಊರಿನ ದೀಪಗಳು ಕಾಣುತ್ತವೆ; ಶಿಗಾಗಾದಲ್ಲಿ ಕಾಣುವುದಿಲ್ಲ. ಸಮಯ ಮೂರು ದಿನಕ್ಕಿಂತ ಕಡಿಮೆ ಇದ್ದರೆ ಮೊರಾಕ್ಕೊದ ಮರಳಿನ ಆಸೆಯನ್ನೇ ಬಿಟ್ಟು ಬೇರೆ ಮರುಭೂಮಿಯನ್ನು ಆರಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಆ ಬೇರೆ ಮರುಭೂಮಿಗಳಲ್ಲಿ ಒಂದೇ ರಾತ್ರಿಯ ಪ್ರವಾಸಕ್ಕೆ ಅತ್ಯಂತ ಹೊಂದುವುದು ಜೋರ್ಡಾನಿನ ವಾಡಿ ರಮ್. ಅಕಾಬಾ ಬಂದರಿನಿಂದ ಸುಮಾರು ಒಂದು ಗಂಟೆ, ಪೆಟ್ರಾದಿಂದ ಎರಡು ಗಂಟೆಯೊಳಗಿನ ದಾರಿ. ಬೆಳಿಗ್ಗೆ ಅಲ್ಲಿಗೆ ತಲುಪಿದವರಿಗೆ ಮರುದಿನ ಬೆಳಿಗ್ಗೆಯವರೆಗೆ ಇಡೀ ಒಂದು ದಿನ ಮರುಭೂಮಿಯಲ್ಲೇ ಸಿಗುತ್ತದೆ. 2011ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಪ್ರಕೃತಿ ಮತ್ತು ಸಂಸ್ಕೃತಿ ಎರಡೂ ಕಾರಣಗಳನ್ನು ಪರಿಗಣಿಸಿತು. ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಕೆತ್ತನೆಗಳೂ ಬರಹಗಳೂ ಇವೆ. ಆದರೆ ಇಲ್ಲಿಗೆ ಬರುವವರು ಒಂದು ವಿಷಯವನ್ನು ತಿಳಿದಿರಬೇಕು. ಇದು ಮುಖ್ಯವಾಗಿ ಬಂಡೆಗಳ ಮರುಭೂಮಿ. ಕೆಂಪು ಮರಳು ಇದೆ, ದಿಬ್ಬಗಳೂ ಇವೆ, ಆದರೆ ಕಣ್ಣು ತುಂಬುವುದು ಮರಳುಗಲ್ಲಿನ ಗೋಡೆಗಳು, ಇಕ್ಕಟ್ಟಾದ ಕೊರಕಲುಗಳು, ಕಲ್ಲಿನ ಕಮಾನುಗಳು. ದಿಗಂತದವರೆಗೆ ಅಲೆಯಲೆಯಾದ ದಿಬ್ಬಗಳೇ ಬೇಕೆಂದು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ಜಗತ್ತಿನ ಮರುಭೂಮಿಗಳಲ್ಲಿ ಮರಳು ಹೊದ್ದ ಭಾಗ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಎಂಬುದನ್ನು ನೆನೆದರೆ ಈ ನಿರಾಸೆಗೆ ಕಾರಣ ನಮ್ಮ ಕಲ್ಪನೆಯೇ ಎಂಬುದು ತಿಳಿಯುತ್ತದೆ.

ದಿಬ್ಬಗಳೂ ಬೇಕು, ದಾರಿಯೂ ಹತ್ತಿರವಿರಬೇಕು ಎನ್ನುವವರಿಗೆ ಓಮಾನಿನ ಶರ್ಕಿಯಾ ಮರಳುಗಾಡು ಇದೆ. ವಹೀಬಾ ಎಂಬುದು ಅದರ ಹಳೆಯ ಹೆಸರು. ಮಸ್ಕತ್‌ನಿಂದ ಸುಮಾರು 200 ಕಿ.ಮೀ., ಒಳ್ಳೆಯ ರಸ್ತೆಯಲ್ಲಿ ಎರಡೂವರೆ ಗಂಟೆ. ಸುಮಾರು 12,500 ಚದರ ಕಿ.ಮೀ. ಹರಡಿರುವ ಈ ಪ್ರದೇಶದಲ್ಲಿ ದಿಬ್ಬಗಳು ಉದ್ದನೆಯ ಏಣುಗಳಂತೆ ಉತ್ತರ ದಕ್ಷಿಣವಾಗಿ ಮಲಗಿವೆ, ಅವುಗಳ ನಡುವಿನ ಬಯಲುಗಳಲ್ಲಿ ವಾಹನಗಳು ಸಾಗುತ್ತವೆ. ಹಾಗಾಗಿ ಇಲ್ಲಿನ ಪ್ರವಾಸ ಒಂಟೆಗಿಂತ ಜೀಪಿನದೇ ಆಗಿದೆ. ಥಾರ್ ಮರುಭೂಮಿಯಲ್ಲಿ ಜೈಸಲ್ಮೇರ್‌ನಿಂದ ಹೊರಡುವ ಪ್ರವಾಸಗಳಿಗಂತೂ ದೂರದ ಚಿಂತೆಯೇ ಇಲ್ಲ. ಸಮ್ ಮತ್ತು ಖುರಿ ಎರಡೂ ನಗರದಿಂದ 40–50 ಕಿ.ಮೀ. ಒಳಗಿವೆ. ಆದರೆ ಹತ್ತಿರವಿರುವುದರ ಬೆಲೆಯನ್ನು ಸಮ್‌ನಲ್ಲಿ ಸದ್ದಿನ ರೂಪದಲ್ಲಿ ತೆರಬೇಕಾಗುತ್ತದೆ. ರಸ್ತೆಯ ಬದಿಯಲ್ಲಿ ಸಾಲುಸಾಲಾಗಿ ನಿಂತ ಶಿಬಿರಗಳು, ಪ್ರತಿಯೊಂದರಲ್ಲೂ ಧ್ವನಿವರ್ಧಕ ಹಚ್ಚಿದ ಹಾಡು ಕುಣಿತ, ಸಂಜೆಯ ದಿಬ್ಬದ ಮೇಲೆ ಜಾತ್ರೆಯಷ್ಟು ಜನ. ಆ ಗಲಾಟೆಯನ್ನೇ ಇಷ್ಟಪಡುವ ದೊಡ್ಡ ಕುಟುಂಬಗಳಿಗೆ ಅದು ಸರಿಯಾದ ಆಯ್ಕೆಯೇ. ಮೌನಕ್ಕಾಗಿ ಬಂದವರು ಖುರಿಯನ್ನು, ಅಥವಾ ಹಳ್ಳಿಗಳ ನಡುವೆ ಒಂಟೆಯ ಮೇಲೆ ಸಾಗಿ ಯಾವುದಾದರೂ ಸಣ್ಣ ದಿಬ್ಬದ ಮೇಲೆ ಬಯಲಿನಲ್ಲೇ ಮಲಗಿಸುವ ಪ್ರವಾಸಗಳನ್ನು ಕೇಳಿ ಪಡೆಯಬೇಕು. ಥಾರ್ ಜನವಸತಿ ದಟ್ಟವಾಗಿರುವ ಮರುಭೂಮಿ. ಅಲ್ಲಿ ಹೊಲ, ಬೇಲಿ, ಕುರಿಮಂದೆ, ಗಾಳಿಯಂತ್ರಗಳು ಕಣ್ಣಿಗೆ ಬೀಳುವುದು ಸಹಜ, ಅದನ್ನು ಕೊರತೆಯೆಂದು ಎಣಿಸಬಾರದು.

ಚಿಕ್ಕ ತಂಡ ಎಂದರೆ ಎಷ್ಟು ಜನ?

ಎರಡನೆಯ ಅಳತೆಯಲ್ಲಿ ಮೋಸ ಹೋಗುವವರು ಹೆಚ್ಚು. ಪ್ರವಾಸ ಸಂಸ್ಥೆಗಳು ‘ಚಿಕ್ಕ ತಂಡ’ ಎಂದಾಗ ಅವು ಲೆಕ್ಕ ಹಾಕಿರುವುದು ವಾಹನದ ಸೀಟುಗಳನ್ನು. ಜೀಪಿನಲ್ಲಾದರೆ ಐದಾರು ಜನ, ಮಿನಿಬಸ್ಸಿನಲ್ಲಾದರೆ ಹದಿನೈದು ಹದಿನಾರು. ಆದರೆ ಆ ಮಿನಿಬಸ್ಸು ತಲುಪುವ ಶಿಬಿರಕ್ಕೆ ಬೇರೆ ಬೇರೆ ಸಂಸ್ಥೆಗಳ ಇನ್ನೂ ನಾಲ್ಕಾರು ವಾಹನಗಳು ಬಂದು ನಿಂತಿರುತ್ತವೆ, ಊಟದ ಡೇರೆಯಲ್ಲಿ ಎಪ್ಪತ್ತು ಎಂಬತ್ತು ಜನ ಕುಳಿತಿರುತ್ತಾರೆ. ಕೊಟ್ಟ ಮಾತಿನಲ್ಲಿ ಸುಳ್ಳೇನೂ ಇಲ್ಲ. ಪ್ರಶ್ನೆಯನ್ನೇ ತಪ್ಪಾಗಿ ಕೇಳಲಾಗಿದೆ. ಕೇಳಬೇಕಾದ ಪ್ರಶ್ನೆಗಳು ಇವು: ಶಿಬಿರದಲ್ಲಿ ಒಟ್ಟು ಎಷ್ಟು ಡೇರೆಗಳಿವೆ, ಅದು ನಿಮ್ಮ ಸಂಸ್ಥೆಯದೇ ಅಥವಾ ಇತರರೂ ಬಳಸುವಂಥದ್ದೇ, ಪಕ್ಕದ ಶಿಬಿರ ಎಷ್ಟು ದೂರದಲ್ಲಿದೆ, ಜನರೇಟರ್ ಇದ್ದರೆ ಅದನ್ನು ರಾತ್ರಿ ಎಷ್ಟು ಗಂಟೆಗೆ ನಿಲ್ಲಿಸುತ್ತಾರೆ. ಈ ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡುವ ಸಂಸ್ಥೆ ಉಳಿದ ವಿಷಯಗಳಲ್ಲೂ ನೇರವಾಗಿರುವುದನ್ನು ನಾನು ಗಮನಿಸಿದ್ದೇನೆ.

ತಂಡ ಆರು ಜನರಿಗಿಂತ ಕಡಿಮೆಯಿದ್ದರೆ ಹೊರಡುವ ಸಮಯ, ದಿಬ್ಬದ ಮೇಲೆ ಎಷ್ಟು ಹೊತ್ತು ಇರಬೇಕು, ಬೆಳಿಗ್ಗೆ ಸೂರ್ಯೋದಯ ನೋಡಿದ ಮೇಲೆ ಮತ್ತೆ ಅರ್ಧ ಗಂಟೆ ಕೂರಬಹುದೇ ಎಂಬ ವಿಷಯಗಳಲ್ಲಿ ಮಾರ್ಗದರ್ಶಿಯೊಡನೆ ಮಾತಾಡಿ ತೀರ್ಮಾನಿಸಬಹುದು. ಹನ್ನೆರಡು ದಾಟಿದರೆ ವೇಳಾಪಟ್ಟಿಯೇ ಯಜಮಾನ. ಆದರೆ ಚಿಕ್ಕ ತಂಡಕ್ಕೆ ತನ್ನದೇ ಆದ ತೊಡಕೂ ಇದೆ: ನಾಲ್ಕು ಜನರಲ್ಲಿ ಒಬ್ಬರ ಸ್ವಭಾವ ಹೊಂದದಿದ್ದರೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಒಂಟಿಯಾಗಿ ಹೋಗುವ ಪ್ರವಾಸಿಗರಿಗೆ, ಅದರಲ್ಲೂ ಒಂಟಿ ಮಹಿಳೆಯರಿಗೆ, ಎಂಟರಿಂದ ಹನ್ನೆರಡು ಜನರ ತಂಡ ಹೆಚ್ಚು ನಿರಾಳವೆನಿಸಬಹುದು. ಡೇರೆಯನ್ನು ಯಾರೊಡನೆ ಹಂಚಿಕೊಳ್ಳಬೇಕಾಗುತ್ತದೆ, ಅದಕ್ಕೆ ಒಳಗಿನಿಂದ ಚಿಲಕ ಅಥವಾ ಜಿಪ್ ಇದೆಯೇ ಎಂಬುದನ್ನು ಮುಂಚೆಯೇ ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.

ಎಲ್ಲಿ ಮಲಗುವುದು

ಶಿಬಿರಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ಹಾಸಿಗೆ, ಸ್ನಾನಗೃಹ, ದೀಪ ಎಲ್ಲವೂ ಇರುವ ಕಾಯಂ ಶಿಬಿರ ಒಂದು. ಉಣ್ಣೆ ಅಥವಾ ದಪ್ಪ ಬಟ್ಟೆಯ ಡೇರೆ, ಎಲ್ಲರಿಗೂ ಸೇರಿದ ಶೌಚಾಲಯ ಇರುವ ಸರಳ ಶಿಬಿರ ಇನ್ನೊಂದು. ಏನೂ ಇಲ್ಲದ ಬಯಲಿನಲ್ಲಿ ಚಾಪೆ ಹಾಸಿ ಮಲಗುವುದು ಮೂರನೆಯದು. ಇವುಗಳ ನಡುವೆ ಆರಿಸುವಾಗ ಜನ ಸಾಮಾನ್ಯವಾಗಿ ಶೌಚಾಲಯದ ಬಗ್ಗೆಯೇ ಯೋಚಿಸುತ್ತಾರೆ. ಅದಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಚಳಿಯ ಬಗ್ಗೆ. ಮರುಭೂಮಿಯ ಗಾಳಿಯಲ್ಲಿ ತೇವ ಕಡಿಮೆ, ಮೇಲೆ ಮೋಡವಿರುವುದಿಲ್ಲ. ಹಗಲಿನಲ್ಲಿ ನೆಲ ಹೀರಿಕೊಂಡ ಶಾಖ ಸೂರ್ಯ ಮುಳುಗುತ್ತಲೇ ತಡೆಯಿಲ್ಲದೆ ಆಕಾಶಕ್ಕೆ ಹೊರಟುಹೋಗುತ್ತದೆ. ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ವಾಡಿ ರಮ್‌ನಲ್ಲೂ ಮೆರ್ಜೂಗಾದಲ್ಲೂ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುವುದುಂಟು. ಥಾರ್‌ನಲ್ಲಿ ಐದು ಡಿಗ್ರಿಯ ಆಸುಪಾಸಿಗೆ ಬರುವುದುಂಟು. ಅತ್ಯಂತ ಹೆಚ್ಚು ಚಳಿ ಇರುವುದು ನಡುರಾತ್ರಿಯಲ್ಲಲ್ಲ, ಸೂರ್ಯೋದಯದ ಹೊತ್ತಿಗೆ. ಎಲ್ಲರೂ ಎದ್ದು ದಿಬ್ಬ ಹತ್ತಲು ಹೊರಡುವ ಸಮಯವೂ ಅದೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಂಪಾದ ಗಾಳಿ ಭಾರವಾಗಿರುವುದರಿಂದ ರಾತ್ರಿ ಅದು ಇಳಿಜಾರಿನಲ್ಲಿ ಜಾರಿ ತಗ್ಗುಗಳಲ್ಲಿ ಸೇರಿಕೊಳ್ಳುತ್ತದೆ. ಬೀಸುಗಾಳಿಯಿಂದ ರಕ್ಷಣೆಗಾಗಿ ಶಿಬಿರಗಳನ್ನು ಕಟ್ಟುವುದು ಅಂಥ ತಗ್ಗುಗಳಲ್ಲೇ. ಬಯಲಿನಲ್ಲಿ ಮಲಗಲು ಆರಿಸಿಕೊಂಡವರು ತೀರ ತಳದಲ್ಲೂ ಮಲಗದೆ, ಗಾಳಿ ಬಡಿಯುವ ನೆತ್ತಿಯಲ್ಲೂ ಮಲಗದೆ, ಗಾಳಿಗೆ ಬೆನ್ನಾದ ಕಡೆ ಸ್ವಲ್ಪ ಮೇಲೆ ಸಮತಟ್ಟು ಹುಡುಕಿದರೆ ರಾತ್ರಿ ಸುಖವಾಗಿ ಕಳೆಯುತ್ತದೆ. ಶಿಬಿರದವರು ಕೊಡುವ ಕಂಬಳಿಗಳು ದಪ್ಪಗಿದ್ದರೂ ಕೆಳಗಿನ ಮರಳು ಬೆನ್ನಿನ ಶಾಖವನ್ನು ಎಳೆದುಕೊಳ್ಳುತ್ತದೆ; ಮೇಲೆ ಹೊದೆಯುವಷ್ಟೇ ದಪ್ಪವಾಗಿ ಕೆಳಗೆ ಹಾಸಿಕೊಳ್ಳಬೇಕು.

ವಾಡಿ ರಮ್‌ನಲ್ಲಿ ಈಚಿನ ವರ್ಷಗಳಲ್ಲಿ ಪಾರದರ್ಶಕ ಗುಳ್ಳೆಯಾಕಾರದ ಕೋಣೆಗಳು ಹೆಚ್ಚಿವೆ. ಹಾಸಿಗೆಯಲ್ಲೇ ಮಲಗಿ ನಕ್ಷತ್ರ ನೋಡಬಹುದೆಂಬುದು ಅವುಗಳ ಆಕರ್ಷಣೆ. ಮೊಣಕಾಲು ನೋವಿರುವ ಹಿರಿಯರಿಗೆ, ಚಿಕ್ಕ ಮಕ್ಕಳಿರುವವರಿಗೆ ಅವು ಅನುಕೂಲವೇ ಸರಿ. ಆದರೆ ಬಿಸಿಲಿನಲ್ಲಿ ಅವು ಒಳಗೆ ಕಾಯುವುದರಿಂದ ಹವಾನಿಯಂತ್ರಣ ಅನಿವಾರ್ಯ, ಅದರ ಸದ್ದು ರಾತ್ರಿಯಿಡೀ ಕಿವಿಯಲ್ಲಿರುತ್ತದೆ, ಸುತ್ತಲಿನ ದೀಪಗಳು ಆಕಾಶವನ್ನು ಮಬ್ಬಾಗಿಸುತ್ತವೆ. ನಕ್ಷತ್ರ ನೋಡುವುದಕ್ಕೆಂದೇ ಹೆಚ್ಚು ಹಣ ತೆತ್ತು ನಕ್ಷತ್ರ ಕಡಿಮೆ ಕಾಣುವ ಜಾಗಕ್ಕೆ ಹೋಗುವ ಈ ವ್ಯವಹಾರ ನನಗೆ ವಿಚಿತ್ರವೆನಿಸುತ್ತದೆ. ಅದೇ ಪ್ರದೇಶದಲ್ಲಿ ಬೆಡೂಯಿನ್ ಕುಟುಂಬಗಳು ನಡೆಸುವ ಎಂಟು ಹತ್ತು ಡೇರೆಗಳ ಶಿಬಿರಗಳಿವೆ; ಬಂಡೆಯ ಮರೆಯಲ್ಲಿ ಚಾಪೆ ಹಾಕಿಕೊಡುವ ಮಾರ್ಗದರ್ಶಿಗಳೂ ಇದ್ದಾರೆ. ಮಳೆಯ ಸಾಧ್ಯತೆ ಇರುವ ತಿಂಗಳುಗಳಲ್ಲಿ ಒಣಗಿದ ಹಳ್ಳದ ಪಾತ್ರದಲ್ಲಿ ಮಲಗಿಸುವವರನ್ನು ಮಾತ್ರ ಒಪ್ಪಬಾರದು. ಎಲ್ಲೋ ದೂರದ ಬೆಟ್ಟದಲ್ಲಿ ಸುರಿದ ಮಳೆ ಇಲ್ಲಿ ಒಂದು ಹನಿಯೂ ಬೀಳದಿದ್ದಾಗಲೇ ಪ್ರವಾಹವಾಗಿ ಬರುತ್ತದೆ.

ಒಂಟೆಯೋ ಜೀಪೋ

ಒಂಟೆಯ ಸವಾರಿಯ ಬಗ್ಗೆ ಜನರಿಗಿರುವ ಆಸೆ ಮೊದಲ ನಲವತ್ತು ನಿಮಿಷಗಳಲ್ಲಿ ತೀರುತ್ತದೆ. ಅಗಲವಾದ ಜೀನಿನ ಮೇಲೆ ಕಾಲು ಚಾಚಿ, ಹೆಚ್ಚಿನ ಕಡೆ ರಿಕಾಪು ಇಲ್ಲದೆ ಕುಳಿತಿರುವುದರಿಂದ ತೊಡೆಯ ಒಳಭಾಗ ನೋಯತೊಡಗುತ್ತದೆ. ಒಂಟೆ ಏಳುವಾಗ ಹಿಂಗಾಲುಗಳನ್ನು ಮೊದಲು ಎತ್ತುತ್ತದೆ. ಆಗ ಹಿಂದಕ್ಕೆ ವಾಲದಿದ್ದರೆ ಮುಗ್ಗರಿಸುವ ಭಯವಿದೆ. ನಡಿಗೆಯ ವೇಗ ಮನುಷ್ಯನದಕ್ಕಿಂತ ಹೆಚ್ಚೇನಲ್ಲ, ಒಂಟೆಯವನು ಹಗ್ಗ ಹಿಡಿದು ಮುಂದೆ ನಡೆಯುತ್ತಿರುತ್ತಾನೆ. ಹಾಗಾಗಿ ಒಂದೂವರೆ ಗಂಟೆಯ ಸವಾರಿಯೆಂದರೆ ಐದಾರು ಕಿ.ಮೀ. ಮಾತ್ರ ಒಳಗೆ ಹೋಗಿದ್ದೇವೆ ಎಂದು ತಿಳಿಯಬೇಕು. ಅಷ್ಟಾದರೂ ಅದಕ್ಕೊಂದು ಹಿರಿಮೆಯಿದೆ: ಸದ್ದಿಲ್ಲ, ಎತ್ತರದಿಂದ ನೋಟವಿದೆ, ದಿಬ್ಬಗಳ ಏರಿಳಿತ ಮೈಗೆ ತಿಳಿಯುತ್ತದೆ. ಜೀಪಿನಲ್ಲಿ ದೂರ ಹೋಗಬಹುದು, ಜನಸಂದಣಿಯನ್ನು ದಾಟಬಹುದು, ಬೆನ್ನು ನೋವಿರುವವರನ್ನೂ ಕರೆದೊಯ್ಯಬಹುದು. ದಿಬ್ಬಗಳ ಮೇಲಿಂದ ವೇಗವಾಗಿ ಧುಮುಕಿಸುವ ಆಟವನ್ನು ಪ್ರವಾಸದ ಭಾಗವಾಗಿ ಸೇರಿಸಿದ್ದರೆ ಗರ್ಭಿಣಿಯರೂ ಬೆನ್ನುಹುರಿಯ ತೊಂದರೆಯಿರುವವರೂ ಅದನ್ನು ಬಿಡಬೇಕು. ಪ್ರವಾಸ ವಿಮೆಗಳು ಹಲವು ಬಾರಿ ಇದನ್ನೂ ನಾಲ್ಕು ಚಕ್ರದ ಬೈಕುಗಳನ್ನೂ ಒಳಗೊಂಡಿರುವುದಿಲ್ಲ.

ಜೀಪಿನಲ್ಲಿ ಹೋಗಿ ಒಂಟೆಯ ಮೇಲೆ ಹಿಂದಿರುಗುವುದು ಅಥವಾ ಅದರ ತಿರುಗುಮುರುಗು ಮಾಡುವುದು ಹಲವರಿಗೆ ಹೊಂದುತ್ತದೆ. ಇವೆರಡಕ್ಕಿಂತಲೂ ನನಗೆ ಮೆಚ್ಚುಗೆಯಾದದ್ದು ನಡಿಗೆ. ಸಾಮಾನನ್ನು ಒಂಟೆಗೆ ಹೇರಿ ಸಂಜೆಯ ಕೊನೆಯ ಎರಡು ಗಂಟೆ ಏಣಿನ ಮೇಲೆ ನಡೆದುಹೋಗುವ ವ್ಯವಸ್ಥೆಯನ್ನು ಕೇಳಿದರೆ ಚಿಕ್ಕ ತಂಡಗಳಿಗೆ ಮಾಡಿಕೊಡುತ್ತಾರೆ. ಗಾಳಿ ಬೀಸುವ ಕಡೆಯ ಇಳಿಜಾರಿನಲ್ಲಿ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿಂದ ಏಣನ್ನು ಹಿಡಿದು ಹತ್ತಬೇಕು. ಗಾಳಿಗೆ ಬೆನ್ನಾದ ಕಡೆ ಮರಳು ಮೂವತ್ತು ಡಿಗ್ರಿಗೂ ಹೆಚ್ಚು ಕಡಿದಾಗಿ ಸಡಿಲವಾಗಿ ನಿಂತಿರುವುದರಿಂದ ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರುತ್ತದೆ. ಇಳಿಯುವುದಕ್ಕೆ ಮಾತ್ರ ಆ ಕಡೆಯೇ ಸೊಗಸು. ಒಂಟೆಯನ್ನೇ ಆರಿಸಿಕೊಂಡವರು ಹತ್ತುವ ಮುಂಚೆ ಅದರ ಜೀನಿನ ಅಂಚು, ಮೂಗು, ಎದೆಯ ಭಾಗಗಳಲ್ಲಿ ಹುಣ್ಣುಗಳಿವೆಯೇ ಎಂದು ನೋಡಬೇಕು. ಇದ್ದರೆ ಬೇರೆ ಒಂಟೆ ಕೇಳಬೇಕು, ಇಲ್ಲವೆಂದರೆ ನಡೆಯಬೇಕು.

ತಿಂಗಳು ಮತ್ತು ತಿಥಿ

ಕಾಲದ ವಿಷಯದಲ್ಲಿ ಹೆಚ್ಚು ಆಯ್ಕೆಗಳಿಲ್ಲ. ಮೇಲೆ ಹೇಳಿದ ಎಲ್ಲ ಮರುಭೂಮಿಗಳೂ ಉತ್ತರ ಗೋಳದಲ್ಲಿರುವುದರಿಂದ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿಯೇ ಸರಿಯಾದದ್ದು. ಚಳಿ ಒಗ್ಗದವರು ನಡುವಿನ ಎರಡು ತಿಂಗಳನ್ನು ಬಿಟ್ಟು ಅಕ್ಟೋಬರ್ ಕೊನೆ, ನವೆಂಬರ್, ಫೆಬ್ರವರಿ ಕೊನೆಗಳನ್ನು ಆರಿಸಬಹುದು. ಓಮಾನಿನಲ್ಲಿ ಮಾತ್ರ ಡಿಸೆಂಬರ್ ಜನವರಿಯೂ ಹಿತವಾಗಿರುತ್ತದೆ. ಮಾರ್ಚ್ ನಂತರ ಸಹಾರಾ ಮತ್ತು ಜೋರ್ಡಾನ್‌ಗಳಲ್ಲಿ ಧೂಳುಗಾಳಿಯ ಕಾಲ ಶುರುವಾಗುತ್ತದೆ. ಬೇಸಿಗೆಯ ನಡುವೆ ಕಡಿಮೆ ದರಕ್ಕೆ ಸಿಗುವ ಪ್ರವಾಸಗಳನ್ನು ಒಪ್ಪದಿರುವುದೇ ಲೇಸು.

ತಿಂಗಳಿಗಿಂತ ಹೆಚ್ಚು ಜನ ಮರೆಯುವುದು ತಿಥಿಯನ್ನು. ನಕ್ಷತ್ರಗಳಿಗಾಗಿ ಹೋಗುವವರು ಹುಣ್ಣಿಮೆಯ ದಿನ ಸೀಟು ಕಾಯ್ದಿರಿಸಿದರೆ ಕಾಣುವುದು ಚಂದ್ರ ಮತ್ತು ಬೆರಳೆಣಿಕೆಯ ಪ್ರಕಾಶಮಾನ ತಾರೆಗಳು ಮಾತ್ರ. ಅಮಾವಾಸ್ಯೆಯ ಹಿಂದಿನ ಮುಂದಿನ ನಾಲ್ಕೈದು ದಿನಗಳು ಅತ್ಯುತ್ತಮ. ಅದು ಹೊಂದದಿದ್ದರೆ ಪಂಚಾಂಗ ನೋಡಿ ಲೆಕ್ಕ ಹಾಕಬಹುದು: ಚಂದ್ರೋದಯ ದಿನಕ್ಕೆ ಸರಾಸರಿ ಐವತ್ತು ನಿಮಿಷ ತಡವಾಗುವುದರಿಂದ ಕೃಷ್ಣಪಕ್ಷದ ಪಂಚಮಿ ದಾಟಿದರೆ ರಾತ್ರಿ ಹತ್ತರ ಸುಮಾರಿನವರೆಗೆ ಕತ್ತಲೆ ಸಿಗುತ್ತದೆ, ಶುಕ್ಲಪಕ್ಷದ ಅಷ್ಟಮಿಯಂದು ನಡುರಾತ್ರಿಯ ಹೊತ್ತಿಗೆ ಚಂದ್ರ ಮುಳುಗಿ ಬೆಳಗಿನವರೆಗೆ ಆಕಾಶ ಕಪ್ಪಾಗಿರುತ್ತದೆ. ಆಕಾಶಗಂಗೆಯ ದಟ್ಟವಾದ ನಡುಭಾಗ ಕಾಣುವುದು ಬೇಸಿಗೆಯ ರಾತ್ರಿಗಳಲ್ಲಿ. ನವೆಂಬರ್‌ನಿಂದ ಜನವರಿಯವರೆಗೆ ಹೋದವರಿಗೆ ಅದು ಸಿಗದು, ಬದಲಿಗೆ ಕೃತ್ತಿಕೆ, ರೋಹಿಣಿ, ಮೃಗಶಿರಗಳ ಸಾಲು ಸಿಗುತ್ತದೆ. ಇನ್ನು ಬೆಳದಿಂಗಳಿಗೆ ತನ್ನದೇ ಬೆಲೆಯಿದೆ. ಹುಣ್ಣಿಮೆಯ ರಾತ್ರಿ ಟಾರ್ಚ್ ಇಲ್ಲದೆಯೇ ದಿಬ್ಬಗಳ ಮೇಲೆ ನಡೆದಾಡಬಹುದು, ಮಕ್ಕಳೊಡನೆ ಹೋದವರಿಗೆ ಅದೇ ಹೆಚ್ಚು ಹಿಡಿಸಬಹುದು.

ಹಣ ಕಟ್ಟುವ ಮುಂಚೆ

ಮಾರ್ಗದರ್ಶಿಯ ಬಳಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ, ಮೊಬೈಲ್ ಸಿಗ್ನಲ್ ಇಲ್ಲದ ಜಾಗವಾದರೆ ಸಂಪರ್ಕಕ್ಕೆ ಬೇರೆ ಸಾಧನವೂ ಇದೆಯೇ, ತಲೆಗೆ ದಿನಕ್ಕೆ ಎಷ್ಟು ಲೀಟರ್ ಕುಡಿಯುವ ನೀರು ಕೊಡುತ್ತಾರೆ ಎಂದು ಕೇಳಬೇಕು. ಮೂರು ಲೀಟರಿಗಿಂತ ಕಡಿಮೆಯಾದರೆ ಸ್ವಂತ ನೀರು ಒಯ್ಯಬೇಕು. ಬೆಳಿಗ್ಗೆ ಬೂಟುಗಳನ್ನು ಕೊಡವಿ ಹಾಕಿಕೊಳ್ಳುವುದು ಚೇಳಿನ ಭಯಕ್ಕೆ ಸಾಕಾದ ಮದ್ದು, ಚಳಿಗಾಲದಲ್ಲಿ ಅವು ಹೊರಬರುವುದೂ ಕಡಿಮೆ. ಕಾಂಟ್ಯಾಕ್ಟ್ ಲೆನ್ಸ್ ಬಳಸುವವರು ಕನ್ನಡಕ ಒಯ್ಯಲಿ. ದೊಡ್ಡ ಸೂಟ್‌ಕೇಸನ್ನು ಹಿಂದಿನ ಊರಿನಲ್ಲೇ ಬಿಟ್ಟು ಒಂದು ಬೆನ್ನುಚೀಲದೊಡನೆ ಹೋಗುವ ವ್ಯವಸ್ಥೆ ಇದೆಯೇ ಎಂದೂ ವಿಚಾರಿಸಿಕೊಳ್ಳಬೇಕು.

ಎಲ್ಲಕ್ಕೂ ಮುಖ್ಯವಾಗಿ, ಶಿಬಿರ ತಲುಪುವ ಗಂಟೆ ಮತ್ತು ಬಿಡುವ ಗಂಟೆ ಎರಡನ್ನೂ ಬರಹದಲ್ಲಿ ಕೇಳಿ, ಅಲ್ಲಿನ ಸೂರ್ಯಾಸ್ತ ಮತ್ತು ಸೂರ್ಯೋದಯದ ವೇಳೆಯೊಡನೆ ಹೋಲಿಸಬೇಕು. ಸೂರ್ಯಾಸ್ತಕ್ಕೆ ಎರಡು ಗಂಟೆ ಮುಂಚೆ ಮರಳಿನ ಮೇಲೆ ಕಾಲಿಡಿಸದ, ಸೂರ್ಯೋದಯದ ನಂತರ ಒಂದು ಗಂಟೆಯೂ ಬಿಡದ ಪ್ರವಾಸವನ್ನು ಅದು ಎಷ್ಟೇ ಅಗ್ಗವಾಗಿದ್ದರೂ ಪಟ್ಟಿಯಿಂದ ತೆಗೆದುಬಿಡಬಹುದು. ಹಿಂದಿರುಗುವ ದಿನದ ಸಂಜೆಗೇ ವಿಮಾನದ ಟಿಕೆಟ್ ಕಾಯ್ದಿರಿಸಿದವರು ಈ ಗಂಟೆಯನ್ನು ತಾವಾಗಿಯೇ ಕಳೆದುಕೊಳ್ಳುತ್ತಾರೆ, ಜೊತೆಗೆ ತಂಡದ ಉಳಿದವರಿಂದಲೂ ಕಸಿಯುತ್ತಾರೆ. ಚಿಕ್ಕ ತಂಡದಲ್ಲಿ ಒಬ್ಬರ ಆತುರಕ್ಕೆ ಎಲ್ಲರೂ ಏಳಬೇಕಾಗುತ್ತದೆ. ಆದ್ದರಿಂದ ಜೊತೆಯವರು ಯಾರೆಂದು ಗೊತ್ತಾದ ಕೂಡಲೇ ಅವರ ಮುಂದಿನ ಪ್ರಯಾಣ ಯಾವಾಗ ಎಂದು ಕೇಳಿಕೊಳ್ಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.